ಉತ್ತರದ ಗೋಡೆ

ಉತ್ತರದ ಗೋಡೆಗೆ ಬಿಸಿಲು ಬೀಳುವುದು
ಜೂನ್, ಜುಲೈಯಲ್ಲಿ ಮಾತ್ರ. ಅದೂ ಬೆಳಗಿನ ಒಂದೆರಡು ತಾಸು,
ಓರೆಯಾಗಿ, ಕರೆಯದೆ ಬಂದ ನೆಂಟನ ಹಾಗೆ
ಹೊಸಿಲಲ್ಲೇ ನಿಂತು.
ಅಷ್ಟರೊಳಗೆ ಮುಕ್ಕಾಲಿ ಹೂಡಬೇಕು,
ಕಪ್ಪು ಬಟ್ಟೆಯೊಳಗೆ ತಲೆ ತೂರಿಸಬೇಕು.
ಗಾಜಿನ ಮೇಲೆ ಪೆನ್ಸಿಲ್ವೇನಿಯಾ ತಲೆಕೆಳಗು:
ಹುಲ್ಲು ಮೇಲೆ, ಮೋಡ ಕೆಳಗೆ,
ನಡುವೆ ಬಾವಲಿಯ ಹಾಗೆ ಜೋತುಬಿದ್ದ ಕೊಟ್ಟಿಗೆ.

ಕಚೇರಿಯವರ ಪಟ್ಟಿ ಜೇಬಿನಲ್ಲಿದೆ.
ನಾಲ್ಕು ಮುಖ, ಒಂದು ಮೂಲೆ, ತೊಲೆಗಳ ಕೀಲು,
ಅಳತೆಕೋಲು ಕಾಣಬೇಕು,
ಮನುಷ್ಯರು ಕಾಣಬಾರದು.

ಇಟ್ಟಿಗೆ ಬಿಟ್ಟು ಬಿಟ್ಟು ಕಟ್ಟಿದ ಕಿಂಡಿಗಳು,
ಒಳಗಿನ ಹುಲ್ಲು ಬೆವರಬಾರದೆಂದು.
ಒಂದು ಗೋಧಿಯ ಸಿವುಡಿನ ಹಾಗೆ, ಇನ್ನೊಂದು ಬಟ್ಟಲಿನ ಹಾಗೆ.
ಯಾರೋ ಗಾರೆಯವನಿಗೆ ಆವತ್ತು ಅವಸರವಿರಲಿಲ್ಲ.
ಆಮೇಲೆ ಇದೇ ಕಿಂಡಿಗಳಲ್ಲಿ ಕೋವಿ ಇಟ್ಟವರಿಗೆ
ಅವು ಹೂವಾಗಿ ಕಂಡವೋ ಇಲ್ಲವೋ.

ವರ್ನಾ ಡಿಯರ್‌ಡಾರ್ಫ್ ಬರುತ್ತಾಳೆ, ಮೊಣಕಾಲವರೆಗೂ ರಬ್ಬರ್ ಬೂಟು.
ತನ್ನಜ್ಜ ಮಾರಿದ ಹೊಲವನ್ನೇ
ಪಾರ್ಕಿನವರಿಂದ ಗೇಣಿಗೆ ಪಡೆದು ಉಳುವವಳು.
ಆ ದಿನ ಹೇಗಿತ್ತೋ ಹಾಗೇ ಇರಬೇಕೆಂದು
ಅವರು ಅವಳಪ್ಪ ನೆಟ್ಟ ಸೇಬಿನ ಮರಗಳನ್ನು ಕಡಿದರು.
ಆ ದಿನ ಅವು ಇರಲಿಲ್ಲವಂತೆ.
'ಆ ದಿನ ನಾನೂ ಇರಲಿಲ್ಲ' ಅಂದಿದ್ದಳಂತೆ ಇವಳು,
ಕೊಡಲಿಯವನಿಗೆ ಕಾಫಿ ಕೊಡುತ್ತ.

ನೋಡಬಂದವರು ಗುಂಡಿನ ತೂತು ಕೇಳುತ್ತಾರೆ.
ಅವಳು ಮರಕುಟಿಗನದನ್ನು ತೋರಿಸುತ್ತಾಳೆ.
ಕೈಗೆಟುಕುವಷ್ಟೆತ್ತರದಲ್ಲಿದೆ,
ಬೆರಳಿಟ್ಟು ತೃಪ್ತಿಪಟ್ಟು ಹೋಗುತ್ತಾರೆ.
ನಿಜವಾದದ್ದಕ್ಕೆ ಮುತ್ತಜ್ಜ ಆಗಲೇ
ಮೆಕ್ಕೆಜೋಳದ ದಿಂಡು ಜಡಿದಿದ್ದ,
ಚಳಿಗಾಳಿ ಕರುಗಳಿಗೆ ಹೊಡೆಯದಿರಲೆಂದು.

ಬಿಸ್ಕತ್ತಿನ ಡಬ್ಬಿಯಿಂದ ಒಂದು ಕಾಗದ ತೆಗೆದಳು,
ಆ ಮುತ್ತಜ್ಜನ ಅಮ್ಮ ಸರ್ಕಾರಕ್ಕೆ ಬರೆದದ್ದು:
ಹುಲ್ಲು ಹನ್ನೊಂದು ಟನ್ನು,
ಬೇಲಿಯ ಗಳು ಎರಡು ಸಾವಿರದ ನೂರು,
ಹಸು ಮೂರು, ಒಂದು ಗಬ್ಬದ್ದು,
ಜೇನುಪೆಟ್ಟಿಗೆ ಐದು.
ಬಾಗಿಲು ನಾಲ್ಕು, ಗಾಯಾಳುಗಳನ್ನು ಮಲಗಿಸಿ ಕೊಯ್ಯಲು ಕಿತ್ತದ್ದು.
ಕೌದಿ ಏಳು. ಅವು ಹೊದ್ದವರ ಜೊತೆಗೇ ಮಣ್ಣಾದವು.
ಉತ್ತರ ಬಂದದ್ದು ಎಂಟು ವರ್ಷಕ್ಕೆ:
ನಷ್ಟ ಮಾಡಿದ್ದು ಶತ್ರುವಿನ ಸೈನ್ಯ, ಆದ್ದರಿಂದ ಕೊಡಲಾಗದು.
ಯಾವ ಕಡೆಯ ಹಸಿವು ತನ್ನನ್ನು ತಿಂದಿತೆಂದು
ಗಬ್ಬದ ಹಸು ಎಲ್ಲಿಂದ ಸಾಕ್ಷಿ ಹೇಳೀತು.

ಒಳಗೆ, ಒಕ್ಕುವ ಹಲಗೆಗಳ ಮೇಲೆ, ಕಪ್ಪನೆ ಕಲೆ.
ಕೇಳಬಾರದೆಂದುಕೊಂಡೇ ಕೇಳಿದೆ.
'ಟ್ರ್ಯಾಕ್ಟರಿನ ಎಣ್ಣೆ. ತಮ್ಮ ಗ್ಲೆನ್, ಎಪ್ಪತ್ತಾರರಲ್ಲಿ.'
ಸ್ವಲ್ಪ ತಡೆದು:
'ಅದರಡಿ ಏನಿತ್ತೋ, ಎಣ್ಣೆ ವಿಚಾರಿಸಲಿಲ್ಲ.'

ನಲವತ್ತು ಸೆಕೆಂಡು ಶಟರ್ ತೆರೆದು ಎಣಿಸತೊಡಗಿದೆ.
ಕವಲುಬಾಲದ ಹಕ್ಕಿ ಮೂರು ಸಲ ಗೂಡಿಗೆ ಬಂತು, ಹೋಯಿತು.
ಹತ್ತರ ಹೊತ್ತಿಗೆ ವರ್ನಾ, ಮರೆತು, ಬಕೀಟು ಹಿಡಿದು ಅಡ್ಡ ಬಂದಳು,
ಬಕೀಟು ಇಟ್ಟಳು, ಏಣಿ ದಾಟಿ ಹೋದಳು.
ನಾನು ಎಣಿಕೆ ಬಿಡಲಿಲ್ಲ.

ಕತ್ತಲಕೋಣೆಯ ತಟ್ಟೆಯಲ್ಲಿ ಮೊದಲು ತೊಲೆಗಳು ಮೂಡಿದವು.
ಆಮೇಲೆ ಹಲಗೆ, ಎಣ್ಣೆ, ಅಳತೆಕೋಲಿನ ಅಂಕಿಗಳು,
ತುಸು ಮಸುಕಾಗಿ ಬಕೀಟು.
ಕಿಂಡಿಗಳು ಮೂಡಲೇ ಇಲ್ಲ, ಬರಿಯ ಕಾಗದವೇ ಅವುಗಳ ಬೆಳಕು.
ಹಕ್ಕಿಯಿಲ್ಲ. ಅವಳಿಲ್ಲ.
ಭೂತಗನ್ನಡಿ ಹಿಡಿದು ಹುಡುಕಿದೆ,
ಒಂದು ಬೂಟಿನ ನೆರಳೂ ಇಲ್ಲ.

ಪಟ್ಟಿಯಲ್ಲಿ ತುಂಬಿದೆ: ಒಳಭಾಗ, ಪೂರ್ವಾಭಿಮುಖ.
ಜನರು: ಇಲ್ಲ.
ಬಕೀಟಿನಲ್ಲಿ ಏನಿತ್ತೆಂದು ಬರೆಯಲು ಜಾಗವಿರಲಿಲ್ಲ.
ನೀರು. ಎರಡೇ ದಿನಕ್ಕೆ ಒಮ್ಮೆ ತಳ ಕಂಡಿದ್ದ ಬಾವಿಯದು.
ನಾನೂ ಒಂದು ಲೋಟ ಕುಡಿದಿದ್ದೆ,
ಸುಣ್ಣಕಲ್ಲಿನ ರುಚಿ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ.